ಮೂರನೇ ಖೇಪಿನಲ್ಲಿ ನಮಗೆ ಜಾಗವಿರಲಿಲ್ಲ

1954ರ ಮೇ ತಿಂಗಳ ಕೊನೆಯ ವಾರ. ಮೃಗಶಿರ ಮಳೆ, ನಮ್ಮ ಕಡೆಯ ಮಿರಗ, ಕೂಡಲು ಇನ್ನೂ ಹತ್ತು ದಿನವಿತ್ತು. ನನಗಾಗ ಹದಿನೇಳು. ಮುಲ್ಕಿ ಪರೀಕ್ಷೆ ಪಾಸು ಮಾಡಿ, ಶಿಕ್ಷಕಿಯರ ಟ್ರೇನಿಂಗಿಗೆ ಕರೆ ಬರುವುದನ್ನು ಕಾಯುತ್ತ ಘೋಡಗೇರಿಯಲ್ಲಿ ನೀಲವ್ವ ದೊಡ್ಡವ್ವನ ಮನೆಯಲ್ಲಿದ್ದೆ. ಮುಂದೆ ಶಿಕ್ಷಕಿಯಾದೆ. ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದೆ. ಸಿಟ್ಟು ಮಾಡಿಕೊಳ್ಳಬಾರದು ಎಂದು ಎಷ್ಟೋ ಮಕ್ಕಳಿಗೆ ಬುದ್ಧಿ ಹೇಳಿದ್ದೇನೆ. ಆದರೆ ಆ ಒಂದು ದಿನದ ಸಿಟ್ಟು ಮಾತ್ರ ನನ್ನಲ್ಲಿ ಹಾಗೇ ಇದೆ. ಅದನ್ನು ಇಳಿಸಿಕೊಳ್ಳಬೇಕೆಂಬ ಆಸೆಯೂ ನನಗಿಲ್ಲ.

ನೀಲವ್ವ ದೊಡ್ಡವ್ವ ನನ್ನ ತಾಯಿಯ ಅಕ್ಕ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ತಾಯಿ ತೀರಿದ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳ ಕೈಯ ಹೋಳಿಗೆ ಎಂದರೆ ಸುತ್ತ ಹತ್ತು ಹಳ್ಳಿಯಲ್ಲಿ ಹೆಸರು. ಮದುವೆ, ಸೀಮಂತ, ಜವಳ, ಎಲ್ಲಿ ಅಡಿಗೆಯಾದರೂ ದೊಡ್ಡವ್ವನಿಗೆ ಕರೆ ಬರುತ್ತಿತ್ತು. ಅವಳದೊಂದು ರೀತಿಯಿತ್ತು. ಉಂಡವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಏಳುವವರೆಗೆ ಅವಳು ಒಂದು ತುತ್ತೂ ಬಾಯಿಗೆ ಹಾಕುತ್ತಿರಲಿಲ್ಲ. ಮುಸುರೆ ಪಾತ್ರೆಯೆಲ್ಲ ಬೆಳಗಿ ಬೋರಲು ಹಾಕುವವರೆಗೆ ಆ ಜಾಗ ಬಿಟ್ಟು ಹೋಗುತ್ತಲೂ ಇರಲಿಲ್ಲ. ಅವಳು ಹೇಳುತ್ತಿದ್ದುದು ಇಷ್ಟೇ: “ಅಡಗಿ ಮಾಡಿದಾಕಿ ಹೊಲಸ ಬಿಟ್ಟ ಹೋದ್ಲು ಅಂತ ಯಾರೂ ಅನಬಾರದವ್ವಾ.” ನನಗೆ ಆಗ ಅದು ದೊಡ್ಡ ಗುಣವೆಂದೇ ಅನಿಸುತ್ತಿತ್ತು.

ಘಟಪ್ರಭಾ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲು ಇತ್ತು. ಕೆಳಗೆ ಖಾನಾವಳಿ, ಮೇಲೆ ನಾಲ್ಕು ಖೋಲಿ. ಹತ್ತಿ ಖರೀದಿಗೆ ಬರುವವರು, ಬೆಲ್ಲದ ದಲಾಲರು, ಇಂಜಿನ್ನು ಪಂಪು ಮಾರುವ ಏಜೆಂಟರು ಗಾಡಿಯಿಂದ ಇಳಿದು ಅಲ್ಲೇ ತಂಗುತ್ತಿದ್ದರು. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಲು ಬರುವ ಸಂಸಾರಸ್ಥರೂ ಅಲ್ಲೇ ಇಳಿಯುತ್ತಿದ್ದರು. ಅದರ ಮಾಲಕನ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಅವನು ಎಂಟು ವರ್ಷ ಸಿಲೋನಿನಲ್ಲಿ ಸಮುದ್ರದ ದಂಡೆಯ ಯಾವುದೋ ದೊಡ್ಡ ಹೋಟೆಲಿನಲ್ಲಿ ಬಡಿಸುವವನಾಗಿ ದುಡಿದು ಬಂದವ. ಊರಿಗೆ ಬಂದ ಮೇಲೆ ಬಾಯಿ ತೆಗೆದರೆ ಸಿಲೋನು. ಅಲ್ಲಿಯ ಸಾಹೇಬರು ಹೇಗೆ ಆರಾಮ ಖುರ್ಚಿಯಲ್ಲಿ ಕಾಲು ಚಾಚಿ ಕೂಡುತ್ತಾರೆ, ಎಳೆನೀರು ಹೇಗೆ ತಂದುಕೊಡಬೇಕು, ಎಲ್ಲ ಅವನ ಬಾಯಲ್ಲೇ ಕೇಳಬೇಕು. ಚಹಾದ ಕಪ್ಪನ್ನು ಎಡಗಡೆಯಿಂದ ಇಡಬೇಕೋ ಬಲಗಡೆಯಿಂದಲೋ ಎಂದು ಖಾನಾವಳಿಯ ಮುದುಕನಿಗೆ ದಿನಾ ಪಾಠ ಹೇಳುತ್ತಿದ್ದ.

ಬೇಸಿಗೆಯಲ್ಲಿ ಅವನಿಗೊಂದು ತೊಂದರೆ. ಫಾಲ್ಸಿನಲ್ಲಿ ನೀರು ಇರುವುದಿಲ್ಲ, ಬರೀ ಬಂಡೆ. ಕೆಲಸಕ್ಕೆ ಬಂದ ವ್ಯಾಪಾರಿಗಳಿಗೆ ರವಿವಾರ ಏನು ತೋರಿಸುವುದು? ಆಗ ಅವನ ಕಣ್ಣಿಗೆ ಬಿದ್ದದ್ದು ನಮ್ಮ ಊರ ಕೆಳಗೆ ಹೊಳೆಯ ನಡುವೆ ಇದ್ದ ನಡುಗಡ್ಡೆ. ಹಿಡಕಲ್ಲಿನ ಅಣೆಕಟ್ಟು ಇನ್ನೂ ಕಟ್ಟಿರಲಿಲ್ಲ. ಹೊಳೆ ತನ್ನ ಮನಸ್ಸಿಗೆ ಬಂದ ಹಾಗೆ ಹರಿಯುತ್ತಿತ್ತು, ಬೇಸಿಗೆಯಲ್ಲಿ ಬಡಕಲಾಗುತ್ತಿತ್ತು. ನಡುಗಡ್ಡೆಯಲ್ಲಿ ಐದಾರು ಜಾಲಿ, ಎರಡು ಹೊಂಗೆ, ಒಂದು ದೊಡ್ಡ ಅತ್ತಿಮರ, ಅಷ್ಟೇ. ಆಚೆ ದಂಡೆಗೂ ಅದಕ್ಕೂ ನಡುವೆ ತಿಳಿ ನೀರು, ಮೊಣಕಾಲು ಮುಳುಗುವಷ್ಟು. ನಮ್ಮ ಊರ ಕಡೆ ಮಾತ್ರ ಒಂದು ಆಳದ ಮಡು ಇತ್ತು, ಅದನ್ನು ದಾಟಲು ದೋಣಿ ಬೇಕು.

ಅವನು ಆ ನಡುಗಡ್ಡೆಯನ್ನು ಬೇಟ ಬೇಟ ಎಂದು ಮರಾಠಿಯಲ್ಲಿ ಕರೆಯತೊಡಗಿದ. ತಟ್ಟಿಯ ಚಪ್ಪರ ಹಾಕಿಸಿದ, ಅತ್ತಿಮರಕ್ಕೆ ಜೋಕಾಲಿ ಕಟ್ಟಿಸಿದ, ಎಲ್ಲಿಂದಲೋ ತೆಂಗಿನ ಗರಿ ತರಿಸಿ ಕಂಬಕ್ಕೆಲ್ಲ ಸುತ್ತಿಸಿದ. ಆರಾಮ ಖುರ್ಚಿ, ಜಮಖಾನೆ, ಕೀಲಿ ಕೊಟ್ಟು ಹಾಡಿಸುವ ಗ್ರಾಮಫೋನು ಎಲ್ಲ ಬಂತು. ಅಡಿಗೆಗೆ ದೊಡ್ಡವ್ವ. ಅವಳ ಕೈಸಹಾಯಕ್ಕೆ ನಾನು.

ಆ ರವಿವಾರ ಬಂದವರು ಮುಂಬೈ ಕಡೆಯ ಇಬ್ಬರು ಹತ್ತಿ ವ್ಯಾಪಾರಿಗಳು, ಅವರ ಹೆಂಡಂದಿರು, ಒಬ್ಬರ ಮುಪ್ಪಿನ ತಾಯಿ, ಇನ್ನೂ ನಾಲ್ಕು ಜನ ಬಂಧುಗಳು. ಒಟ್ಟು ಒಂಬತ್ತು ಮಂದಿ. ಬಾಡಿಗೆ ಮೋಟಾರಿನಲ್ಲಿ ದಂಡೆಯ ಮೇಲಿನ ದಿಬ್ಬಕ್ಕೆ ಬಂದು ಇಳಿದರು. ನಾವು ಬೆಳಿಗ್ಗೆಯೇ ಪಾತ್ರೆ ಪಗಡೆಯೊಂದಿಗೆ ಬೇಟಕ್ಕೆ ಹೋಗಿ ಒಲೆ ಹೂಡಿದ್ದೆವು. ಆ ಜನ ಹೊಳೆಯ ನೀರು ಕುಡಿಯುವವರಲ್ಲ ಎಂದು ಊರ ಬಾವಿಯಿಂದ ನಾಲ್ಕು ತಾಮ್ರದ ಕೊಡ ತುಂಬಿ ದೋಣಿಯಲ್ಲಿ ಒಯ್ದಿದ್ದೆವು. ಕೊಡಗಳು ಮಾಲಕನವೇ. ಹುಣಸೆಹಣ್ಣು ಹಚ್ಚಿ ತಿಕ್ಕಿ ಕನ್ನಡಿಯಾಗಿಸಿದ್ದು ಮಾತ್ರ ದೊಡ್ಡವ್ವ.

ದೋಣಿ ಯಲ್ಲಪ್ಪನದು, ಅಂಬಿಗರವನು. ಒಂದು ಖೇಪಿಗೆ, ಒಂದು ಸಲ ದಾಟುವುದಕ್ಕೆ, ನಾಲ್ಕು ಜನ, ತೀರ ಒತ್ತಿ ಕೂತರೆ ಐದು.

ಊಟ ಚೆನ್ನಾಗಿಯೇ ಆಯಿತು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಮುಪ್ಪಿನ ತಾಯಿ ಮೂರು ಹೋಳಿಗೆ ಉಂಡು ದೊಡ್ಡವ್ವನ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೊಗಳಿದಳು. ಮಾಲಕ ಖುಷಿಯಿಂದ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ. ನಾವಿಬ್ಬರೂ ಇನ್ನೂ ಉಂಡಿರಲಿಲ್ಲ, ಅದು ದೊಡ್ಡವ್ವನ ರೀತಿ. ನಾನು ಎಂಜಲ ತಾಟು ಎತ್ತಿಕೊಂಡು ತೊಳೆಯಲು ನೀರಿನ ಅಂಚಿಗೆ ಹೋದೆ.

ಮೊದಲ ತಾಟು ತೊಳೆದು ಎತ್ತಿದರೆ ಅದರ ಮೇಲೆ ಕೆಂಪು ಮಣ್ಣಿನ ಪೊರೆ. ಮತ್ತೆ ತೊಳೆದೆ, ಮತ್ತೆ ಕೆಂಪು. ಆಗ ನೀರು ನೋಡಿದೆ. ಬೆಳಿಗ್ಗೆ ತಳದ ಉಸುಕು ಕಾಣುವಷ್ಟು ತಿಳಿಯಾಗಿದ್ದ ಹೊಳೆ ಚಹಾದ ಬಣ್ಣಕ್ಕೆ ತಿರುಗಿತ್ತು. ಒಣ ಎಲೆ, ಕಡ್ಡಿ, ಸಗಣಿಯ ಕುರುಳು ತೇಲಿ ಬರುತ್ತಿದ್ದವು. ಪಡುವಣ ದಿಕ್ಕಿನಲ್ಲಿ ಘಟ್ಟದ ಕಡೆ ಆಕಾಶ ಕಪ್ಪಾಗಿತ್ತು. ನಮ್ಮ ತಲೆಯ ಮೇಲೆ ಮಾತ್ರ ರಣರಣ ಬಿಸಿಲು.

ಹೊಳೆಯ ದಂಡೆಯಲ್ಲಿ ಬೆಳೆದವರಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಓಡಿ ಹೋಗಿ ಮಾಲಕನಿಗೆ ಹೇಳಿದೆ.

“ಸಾವಕಾರ್ರ, ನೀರ ರಾಡಿ ಆಗೇತ್ರಿ. ಮ್ಯಾಲ ಎಲ್ಲೋ ದೊಡ್ಡ ಮಳಿ ಆಗೇತಿ. ಹೊಳಿ ಬರಾಕತ್ತೈತಿ.”

ಅವನು ಅತಿಥಿಗಳ ಕಡೆ ಒಮ್ಮೆ ನೋಡಿ, ಹಲ್ಲು ಕಚ್ಚಿ ಮೆಲ್ಲಗೆ ಹೇಳಿದ: “ಏ ಹುಡುಗಿ, ದೊಡ್ಡ ಮಂದಿ ಮುಂದ ಇಂಥಾ ಅಪಶಕುನ ಮಾತ ಆಡಬ್ಯಾಡ. ಬ್ಯಾಸಗಿ ಅಡ್ಡಮಳಿಗೆ ಹೊಳಿ ಬರತೈತೇನ? ಹೋಗ, ಎಲಿ ಅಡಿಕಿ ತಾ.”

ಎಲೆ ಅಡಿಕೆ ತಂದುಕೊಟ್ಟೆ. ಗ್ರಾಮಫೋನಿನಲ್ಲಿ ಇನ್ನೂ ಎರಡು ಹಾಡು ಆದವು. ಅಷ್ಟರಲ್ಲಿ ಯಲ್ಲಪ್ಪ ತಾನೇ ಬಂದು, ಈಗಲೇ ಹೊರಡದಿದ್ದರೆ ದೋಣಿ ಹಾಕುವುದಿಲ್ಲ ಎಂದ. ಹುಡುಗಿಯ ಮಾತು ಮಾತಲ್ಲ, ಅಂಬಿಗನ ಮಾತು ಮಾತು. ಮಾಲಕನ ಮುಖ ಇಳಿಯಿತು. ಅತಿಥಿಗಳಿಗೆ ನಗುನಗುತ್ತ “ಗಾಡಿಯ ಹೊತ್ತಾಯಿತು” ಎಂದು ಸುಳ್ಳು ಹೇಳಿ ಎಬ್ಬಿಸಿದ. ಸಂಜೆಯ ಗಾಡಿಗೆ ಇನ್ನೂ ಮೂರು ತಾಸು ಇತ್ತು.

ಮೊದಲ ಖೇಪಿನಲ್ಲಿ ನಾಲ್ಕು ಜನ ಹೋದರು. ಎರಡನೆಯದರಲ್ಲಿ ಮೂರು ಜನ, ಜೊತೆಗೆ ಅವರ ಬುಟ್ಟಿ, ಛತ್ರಿ, ಹಾಸಿಗೆಯ ಸುರುಳಿ. ಉಳಿದವರು ಮುಪ್ಪಿನ ತಾಯಿ, ಅವಳ ಮಗ, ಮಾಲಕ, ನಾವಿಬ್ಬರು. ಐದು ಮಂದಿ. ಒತ್ತಿ ಕೂತರೆ ಐದೂ ಮಂದಿ ಹೋಗಬಹುದಿತ್ತು. ಇದನ್ನು ನಾನು ಮತ್ತೆ ಬರೆಯುತ್ತೇನೆ, ಐದೂ ಮಂದಿ ಹೋಗಬಹುದಿತ್ತು.

ಮಾಲಕ ಮೊದಲು ಜಮಖಾನೆ ಇಟ್ಟ. ಆಮೇಲೆ ಗ್ರಾಮಫೋನಿನ ಪೆಟ್ಟಿಗೆ ಇಟ್ಟ, ಅದರ ಕಹಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ದೊಡ್ಡವ್ವ ಒಂದು ಹೆಜ್ಜೆ ಮುಂದೆ ಬಂದಾಗ ಕೈ ಅಡ್ಡ ಮಾಡಿದ.

“ನೀಲವ್ವಾ, ಮುಸುರಿ ಪಾತ್ರೆ ಹಂಗ ಅದಾವಲ್ಲ. ಉಂಡ ಪಾತ್ರೆ ಜೋಡಿ ಇವರನ್ನ ಕೂಡ್ರಸಾಕ ಆಗೂದಿಲ್ಲ, ಮಡಿ ಮಂದಿ. ನೀವು ಅವನ್ನ ಬೆಳಗಿ ತಯಾರ ಮಾಡ್ರಿ. ಯಲ್ಲಪ್ಪ ಈಗ ಹೋಗಿ ಈಗ ಬರತಾನ.”

ದೊಡ್ಡವ್ವ ತಲೆ ಅಲ್ಲಾಡಿಸಿದಳು. ಅದು ಅವಳಿಗೆ ಸರಿಯೆಂದೇ ಕಂಡಿತು! “ಖರೇರಿ. ಮುಸುರಿ ಬಿಟ್ಟ ಹೆಂಗ ಬರೂದು?” ಎಂದಳು.

“ದೊಡ್ಡವ್ವಾ, ಪಾತ್ರಿ ಹಾಳಾಗಿ ಹೋಗ್ಲಿ, ಹತ್ತ ನೀ!” ಎಂದು ಕೂಗಿದೆ. ಅವಳು ನನ್ನನ್ನೇ ಗದರಿಸಿದಳು. ಬೇಕಾದರೆ ನೀನು ಹೋಗು ಎಂದಳು. ನಾನು ಹೋಗಲಿಲ್ಲ.

ದೋಣಿಯಲ್ಲಿ ಕೂತಿದ್ದ ಆ ಮುಪ್ಪಿನ ತಾಯಿ ಒಬ್ಬಳೇ ಮಾಲಕನ ತೋಳು ಅಲ್ಲಾಡಿಸಿ ನಮ್ಮ ಕಡೆ ಬೆರಳು ತೋರಿದಳು. “ಇನ್ ಕೋ ಭೀ ಲೇ ಲೋ”, ಇವರನ್ನೂ ಕರಕೊಳ್ಳಿ, ಎಂದಳು. ಮಾಲಕ ಅವಳಿಗೆ ಹಿಂದಿಯಲ್ಲಿ ಏನೋ ಹೇಳಿ ನಕ್ಕ. ನಾವು ಹೊಳೆಯ ದಂಡೆಯವರು, ನಮಗೆ ಇದೆಲ್ಲ ರೂಢಿ ಎಂದಿರಬೇಕು. ದೋಣಿ ಹೋಯಿತು.

ಮುಂದಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾವು ಕುಕ್ಕರುಗಾಲಲ್ಲಿ ಕೂತು ಪಾತ್ರೆ ಬೆಳಗಿದೆವು. ಬೂದಿ ಹಚ್ಚಿ ತಿಕ್ಕುವುದು, ಅದ್ದುವುದು, ಕೆಂಪಾಗಿ ಎತ್ತುವುದು. ದೊಡ್ಡವ್ವ ಬಿಡಲಿಲ್ಲ, ಸೆರಗಿನಿಂದ ಒರೆಸಿ ಒರೆಸಿ ಇಟ್ಟಳು. ನಾನು ತಿರುಗಿ ನೋಡಿದಾಗಲೆಲ್ಲ ನೀರು ನಾವು ಕೂತ ಜಾಗಕ್ಕೆ ಇನ್ನೊಂದು ಗೇಣು ಹತ್ತಿರ ಬಂದಿರುತ್ತಿತ್ತು. ಮೂರು ಸಲ ಹಿಂದೆ ಸರಿದು ಕೂತೆವು. ನಾಲ್ಕನೆಯ ಸಲ ನೀರು ಒಲೆಯ ಬೂದಿಗೇ ಬಂದು ಸುಂಯ್ ಎಂದಿತು.

ಆಗ ದೊಡ್ಡವ್ವ ಪಾತ್ರೆ ಕೆಳಗಿಟ್ಟು ದಂಡೆಯ ಕಡೆ ನೋಡಿದಳು. ದೋಣಿ ಇಲ್ಲ.

ಯಲ್ಲಪ್ಪ ಆಮೇಲೆ ನನ್ನೆದುರು ಅತ್ತು ಹೇಳಿದ. ದಂಡೆ ಮುಟ್ಟಿದ ಕೂಡಲೇ ಅವನು ತಿರುಗಿ ಹುಟ್ಟು ಹಾಕಲು ಹೊರಟಿದ್ದನಂತೆ. ಮಾಲಕ ತಡೆದು, ಮೊದಲು ಮುಪ್ಪಿನ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೋಟಾರಿನವರೆಗೆ ಬಿಟ್ಟು ಬಾ ಎಂದನಂತೆ. ಬಿಟ್ಟು ಬಂದ ಮೇಲೆ ಗ್ರಾಮಫೋನು. ಅದಾದ ಮೇಲೆ ಜಮಖಾನೆ. ಮೂರು ಸಲ ದಿಬ್ಬ ಹತ್ತಿ ಇಳಿಯುವುದರಲ್ಲಿ ಮಡು ಎರಡು ಪಟ್ಟು ಅಗಲವಾಗಿತ್ತು. ದೋಣಿ ಹಾಕಿದವನು ನಡುನೀರಿನಲ್ಲಿ ಬುಗುರಿಯಂತೆ ತಿರುಗಿ, ಒಂದು ಹುಟ್ಟು ಕಳೆದುಕೊಂಡು, ಬಹಳ ಕೆಳಗೆ ಹೋಗಿ ದಂಡೆ ಹಿಡಿದ. ಯಲ್ಲಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ್ದನ್ನು ಕೇಳುವುದೇ ನಮ್ಮೆಲ್ಲರ ಅಭ್ಯಾಸವಾಗಿತ್ತು.

ನಡುಗಡ್ಡೆ ಕಣ್ಣೆದುರೇ ಸಣ್ಣದಾಗುತ್ತಿತ್ತು. ಆಚೆ ದಂಡೆಯ ಕಡೆಯ ಮೊಣಕಾಲ ನೀರು ಈಗ ಭೋರೆಂದು ಹರಿಯುತ್ತಿತ್ತು, ಅಲ್ಲಿ ದಾಟುವ ಮಾತೇ ಇಲ್ಲ. ಆರಾಮ ಖುರ್ಚಿಗಳು ಒಂದೊಂದಾಗಿ ಎದ್ದು ತೇಲಿದವು. ತೆಂಗಿನ ಗರಿ ಸುತ್ತಿದ ಕಂಬ ವಾಲಿ ಬಿದ್ದು, ಚಪ್ಪರ ಹಾಗೇ ಎದ್ದು ಹೋಯಿತು. ಅವನ ಸಿಲೋನು ಅರ್ಧ ತಾಸಿನಲ್ಲಿ ಗೋಕಾಕದ ದಾರಿ ಹಿಡಿಯಿತು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅತ್ತಿಮರ ಹತ್ತೋಣವೆಂದರೆ ಅದರ ಬುಡದ ಉಸುಕು ಕುಸಿಯುತ್ತಿತ್ತು.

“ಶಿವನ, ಈ ಕೂಸಿನ್ನ ಉಳಸಪಾ” ಎಂದು ದೊಡ್ಡವ್ವ ಕೈ ಮುಗಿದಳು. ತನ್ನನ್ನು ಉಳಿಸು ಎನ್ನಲಿಲ್ಲ. ನನಗೆ ಅಳು ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು.

ಕಾಶೀಮಕಾಕಾ ಬಂದದ್ದು ಆಗ. ನಮ್ಮ ಊರವರೇ. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ, ಸೌತೆ ಹಾಕಿ ಹುಕ್ಕೇರಿ ಸಂತೆಗೆ ಒಯ್ಯುತ್ತಿದ್ದರು. ಆ ದಿನ ಹೊಳೆ ಅವರ ಬಳ್ಳಿಯನ್ನೆಲ್ಲ ಬಳಿದುಕೊಂಡು ಹೋಗಿತ್ತು. ಅದನ್ನು ನೋಡುತ್ತ ದಂಡೆಯಲ್ಲಿ ನಿಂತಿದ್ದವರಿಗೆ ನಡುಗಡ್ಡೆಯಲ್ಲಿ ನಮ್ಮ ಸೀರೆಯ ಬಣ್ಣ ಕಂಡಿತಂತೆ. ಎರಡು ಒಣ ಕುಂಬಳದ ಬುರುಡೆಯನ್ನು ಬಗಲಿಗೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ, ಕುಡುಗೋಲು ಸಿಕ್ಕಿಸಿಕೊಂಡು, ಬಹಳ ಮೇಲಿನಿಂದ ನೀರಿಗೆ ಬಿದ್ದು ಅಡ್ಡಡ್ಡ ಈಸುತ್ತ ನಮ್ಮಲ್ಲಿಗೆ ಬಂದರು. ಐವತ್ತು ದಾಟಿದ ಮನುಷ್ಯ. ಏದುಸಿರು ಬಿಡುತ್ತ ಉಸುಕಿನ ಮೇಲೆ ಕೂತುಬಿಟ್ಟರು.

ದೊಡ್ಡವ್ವ ಆಗ ಕೇಳಿದ್ದೇನು ಗೊತ್ತೇ? “ಕಾಶೀಮಣ್ಣಾ, ಉಂಡಿಯೇನೋ? ಹೋಳಿಗಿ ಅದಾವು.”

ಕಾಕಾ ಅವಳ ಮುಖವನ್ನೇ ನೋಡಿದರು. “ಯಕ್ಕಾ, ಬದುಕಿದರ ಆಮ್ಯಾಲ ಉಣ್ಣೂನು. ಆ ಕೊಡ ತಾ ಇಲ್ಲಿ, ನಾಕೂ ತಾ” ಎಂದರು.

ಕೊಡದ ಮೇಲೆ ಈಸುವುದು ನಮ್ಮ ಹೊಳೆಸಾಲಿನ ಜನಕ್ಕೆ ಹೊಸದಲ್ಲ. ಆದರೆ ಅದು ಶಾಂತ ನೀರಿನಲ್ಲಿ. ಈ ಪ್ರವಾಹದಲ್ಲಿ ಬಾಯಿ ಮುಚ್ಚದ ಕೊಡ ಒಂದು ನಿಮಿಷ ನಿಲ್ಲುವುದಿಲ್ಲ. ಕಾಕಾ ಕೊಡದ ನೀರು ಚೆಲ್ಲಿದರು. ನಾನು ನನ್ನ ಸೀರೆಯ ಅಂಚು ಹರಿದೆ, ಅರಿವೆಯನ್ನು ಉಂಡೆ ಮಾಡಿ ಬಾಯಿಗೆ ತುರುಕಿದೆವು. ಅದರ ಮೇಲೆ ಏನು ಮೆತ್ತುವುದು? ದೊಡ್ಡವ್ವನಿಗೇ ಹೊಳೆಯಿತು. ಹೋಳಿಗೆಯ ಕಣಕ ಪರಾತದಲ್ಲಿ ಉಳಿದಿತ್ತು, ಎಣ್ಣೆ ಹಾಕಿ ನಾದಿದ ಕಣಕ. ಅದನ್ನು ತೆಗೆದು ನಾಲ್ಕೂ ಕೊಡದ ಬಾಯಿಗೆ ತಟ್ಟಿ ತಟ್ಟಿ ಮೆತ್ತಿದಳು, ಒಲೆಯ ಮುಂದೆ ಕೂತವಳಂತೆ. ಮೇಲೆ ಇನ್ನೊಂದು ಅರಿವೆ ಬಿಗಿದು ಕಟ್ಟಿದೆವು. ನನ್ನ ಎದೆಯ ಎರಡು ಕಡೆ ಎರಡು ಕೊಡ, ದೊಡ್ಡವ್ವನಿಗೆ ಎರಡು.

“ಹುಡುಗಿನ್ನ ಮೊದಲ ಒಯ್ಯಿ, ನಾ ಆಮ್ಯಾಲ” ಎಂದಳು ದೊಡ್ಡವ್ವ.

“ಆಮ್ಯಾಲ ಅನ್ನೂದ ಇಲ್ಲಕ್ಕಾ ಇಲ್ಲಿ. ಮೂರೂ ಮಂದಿ ಒಂದ ಹಗ್ಗಕ್ಕ. ಹೊಳಿ ಜೋಡಿ ಜಗಳಾಡಬ್ಯಾಡ್ರಿ, ಒಯ್ದಂಗ ಹೋಗ್ರಿ. ಕಾಲ ಅಷ್ಟ ಬಡೀರಿ” ಎಂದರು ಕಾಕಾ.

ನೀರಿಗೆ ಇಳಿದ ಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನೀರು ಬಿಸಿಲಿಗೂ ಕೊರೆಯುತ್ತಿತ್ತು. ಕಿವಿಯ ತುಂಬ ಭೋರ್ಗರೆತ. ಒಂದು ಜಾಲಿಯ ಟೊಂಗೆ ನನ್ನ ತೋಳನ್ನು ಸೀಳಿ ಹೋಯಿತು, ಆ ಗುರುತು ಈಗಲೂ ಇದೆ. ನಡುವೆ ದೊಡ್ಡವ್ವನ ಒಂದು ಕೊಡದ ಕಣಕ ಬಿಟ್ಟು ನೀರು ತುಂಬಿತು. ಅದು ಅವಳನ್ನು ಒಂದು ಬದಿಗೆ ಎಳೆಯತೊಡಗಿತು, ಅವಳ ಮುಖ ನೀರಿನೊಳಗೆ ಹೋಯಿತು. ಕಾಕಾ ಕುಡುಗೋಲಿನಿಂದ ಅದರ ಹಗ್ಗ ಕೊಯ್ದು ಬಿಟ್ಟರು. ತಮ್ಮ ಒಂದು ಬುರುಡೆ ಬಿಚ್ಚಿ ಅವಳ ಬಗಲಿಗೆ ಒತ್ತಿದರು. ಅವರ ಪಾಲಿಗೆ ಉಳಿದದ್ದು ಒಂದೇ ಬುರುಡೆ. ದಂಡೆ ಹತ್ತಿರ ಬಂದಾಗ ನನ್ನ ಒಂದು ಕೊಡವೂ ಬಂಡೆಗೆ ಬಡಿದು ಕಿತ್ತುಕೊಂಡು ಹೋಯಿತು. ಹೊಳೆ ತಿರುಗುವಲ್ಲಿ ಜಾಲಿಗಿಡಗಳು ಅರ್ಧ ಮುಳುಗಿ ನಿಂತಿದ್ದವು. ಅವನ್ನು ಹಿಡಿದೆವು. ಮುಳ್ಳೆಂದು ಯಾರು ನೋಡುತ್ತಾರೆ.

ದಂಡೆಯ ಕೆಸರಿನಲ್ಲಿ ನಾವು ಮೂವರೂ ಬಿದ್ದುಕೊಂಡಿದ್ದೆವು. ದೊಡ್ಡವ್ವ ಕುಡಿದ ನೀರನ್ನು ಕಾರುತ್ತಿದ್ದಳು. ಕಾಶೀಮಕಾಕಾ ಅವಳ ಬೆನ್ನು ನೀವುತ್ತ “ಆತಕ್ಕಾ, ಆತು” ಎನ್ನುತ್ತಿದ್ದರು.

ಆಗ ದಿಬ್ಬದ ಮೇಲಿಂದ ಮಾಲಕ ಓಡಿ ಬಂದ. ಅವನ ಹಿಂದೆ ಯಲ್ಲಪ್ಪ, ಊರ ಹತ್ತು ಹದಿನೈದು ಜನ. ಅವನು ಓಡಿ ಬರುವುದನ್ನು ನೋಡಿ, ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನ್ನ ಸಿಟ್ಟು ಕರಗಿತ್ತು. ಪಾಪ, ಹೆದರಿದ್ದಾನೆ ಎಂದುಕೊಂಡೆ. ಅವನು ಬಂದವನೇ ಬಗ್ಗಿ, ನಮ್ಮ ಮೈಗೆ ಕಟ್ಟಿದ್ದ ಎರಡು ಕೊಡಗಳನ್ನು ನೋಡಿದ. ಸುತ್ತ ನೋಡಿದ.

“ಎರಡ ಅದಾವಲ್ಲ, ಇನ್ನೆರಡ ಎಲ್ಲಿ? ಹಂಡೆ, ಬೋಗುಣಿ ಎಲ್ಲಾ ಅಲ್ಲೇ ಬಿಟ್ಟ ಬಂದ್ರೇನ?”

ಇದು ಅವನು ಆಡಿದ ಮೊದಲ ಮಾತು. ಇದ್ದೀರಾ, ಪೆಟ್ಟಾಯಿತಾ, ಉಳಿದಿರಲ್ಲ, ಯಾವುದೂ ಇಲ್ಲ.

ಅದಕ್ಕಿಂತ ಕೆಟ್ಟದ್ದು ಮುಂದೆ ಆಯಿತು. ದೊಡ್ಡವ್ವ, ಇನ್ನೂ ಬಾಯಿಂದ ನೀರು ಸುರಿಯುತ್ತಿದ್ದ ನನ್ನ ದೊಡ್ಡವ್ವ, ಮೊಣಕಾಲ ಮೇಲೆ ಎದ್ದು ಅವನ ಪಾದದ ಕಡೆ ಕೈ ಚಾಚಿದಳು.

“ತಪ್ಪಾತ್ರಿ ಸಾವಕಾರ್ರ. ಬೆಳಗಿ ಇಟ್ಟಿದ್ದೆ, ಎಲ್ಲಾ ಬೆಳಗಿ ಇಟ್ಟಿದ್ದೆ. ಹೊಳಿ ಒಯ್ತು.”

ನಾನು ಅವಳ ರಟ್ಟೆ ಹಿಡಿದು ಎಳೆದೆ. ಏಳಲಿಲ್ಲ. ಆಗ ನನಗೇನಾಯಿತೋ, ನನ್ನ ಮೈಗೆ ಕಟ್ಟಿದ್ದ ಕೊಡದ ಹಗ್ಗವನ್ನು ಕಾಕಾನ ಕುಡುಗೋಲಿನಿಂದ ಕೊಯ್ದೆ. ಎರಡೂ ಕೈಯಲ್ಲಿ ಎತ್ತಿ, ಅವನು ನೋಡುತ್ತಿದ್ದ ಹಾಗೆಯೇ ಹೊಳೆಗೆ ಎಸೆದೆ.

“ಹೊಳಿಯನ್ನ ಕೇಳ್ರಿ ನಿಮ್ಮ ಕೊಡ! ನಮ್ಮನ್ನ ಕೇಳಬ್ಯಾಡ್ರಿ. ನಾವ ಇಬ್ಬರ ಎಲ್ಲಿ ಅಂತ ಕೇಳಾಕ ನಿಮಗ ಬಾಯಿ ಬರಲಿಲ್ಲಲ್ಲ!”

ಕೊಡ ಒಮ್ಮೆ ಹೊಳೆದು, ತೇಲುತ್ತ ಹೋಯಿತು. ಮಾಲಕ ಬಾಯಿ ತೆರೆದ. ಅವನು ಏನಾದರೂ ಅನ್ನುವುದರೊಳಗೆ ನನ್ನ ಕೆನ್ನೆಗೆ ಪಟ್ಟೆಂದು ಏಟು ಬಿತ್ತು. ಹೊಡೆದವಳು ದೊಡ್ಡವ್ವ. ಎದ್ದು ನಿಂತಿದ್ದಳು. ಅಷ್ಟು ಹೊತ್ತು ಬಾರದ ಶಕ್ತಿ ನನ್ನನ್ನು ಹೊಡೆಯಲು ಎಲ್ಲಿಂದ ಬಂತೋ.

“ಮಂದಿ ಸಾಮಾನ ಅದು! ಸಾಲಿ ಕಲ್ತದ್ದು ಇದಕ್ಕೇನ?” ಎಂದಳು.

ಕಾಶೀಮಕಾಕಾ ಆಗ ಎದ್ದರು. ಅವರ ಆ ಬೇಸಿಗೆಯ ಬಳ್ಳಿಯೆಲ್ಲ ಹೊಳೆಯ ಪಾಲಾಗಿತ್ತು, ಆದರೂ ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಾಲಕನಿಗೆ ಇಷ್ಟೇ ಹೇಳಿದರು: “ಸಾವಕಾರ್ರ, ಹೆಣಾ ಎರಡ ಬಂದಿದ್ದರ ಪೋಲೀಸರು ನಿಮ್ಮನ್ನ ಕೊಡ ಕೇಳತಿದ್ದಿಲ್ಲ. ಹೋಗ್ರಿ ಮನಿಗೆ.” ಅವನು ಉಳಿದ ಒಂದು ಕೊಡ ಎತ್ತಿಕೊಂಡು ಹೋದ. ನಂಬುತ್ತೀರೋ ಇಲ್ಲವೋ, ಎತ್ತಿಕೊಂಡೇ ಹೋದ.

ದೊಡ್ಡವ್ವ ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟಳು. ಬಡಿಸುತ್ತಿದ್ದಳು, ತೋಳಿನ ಗಾಯಕ್ಕೆ ಅರಿಷಿಣ ಹಚ್ಚುತ್ತಿದ್ದಳು, ಮಾತು ಮಾತ್ರ ಇಲ್ಲ. ಕಾಶೀಮಕಾಕಾನ ಮನೆಗೆ ಹೋಳಿಗೆ ಕಳಿಸುವಾಗ ಮಾತ್ರ ಡಬ್ಬಿ ನನ್ನ ಕೈಗೆ ಕೊಟ್ಟು, ಬಿಸಿ ಇರುವಾಗಲೇ ಮುಟ್ಟಿಸು ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದಳು. ಜೂನಿನಲ್ಲಿ ನನಗೆ ಟ್ರೇನಿಂಗಿನ ಕರೆ ಬಂತು. ನಾನು ಊರು ಬಿಟ್ಟೆ.

ಮರುವರ್ಷ ಬೇಸಿಗೆಯ ಸೂಟಿಗೆ ಮನೆಗೆ ಬಂದಾಗ ತಿಳಿಯಿತು. ಮಾಲಕ ಮತ್ತೆ ಚಪ್ಪರ ಹಾಕಿಸಿದ್ದ, ಮತ್ತೆ ಗ್ರಾಮಫೋನು ತಂದಿದ್ದ, ಮತ್ತೆ ಅಡಿಗೆಗೆ ದೊಡ್ಡವ್ವನನ್ನು ಕರೆದಿದ್ದ. ಅವಳು ಹೋಗಿದ್ದಳು! ಕೇಳಿ ನನ್ನ ತಲೆ ಕೆಟ್ಟಿತು. ಊಟಕ್ಕೆ ಕೂತವಳು ತಾಟು ಬಿಟ್ಟು ಎದ್ದೆ. ನಾಚಿಕೆ ಆಗೋದಿಲ್ಲವೇ ನಿನಗೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ದೊಡ್ಡವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಕಡೆಗೆ ಒಂದೇ ಮಾತು ಆಡಿದಳು.

“ಹೋದ ದಿನಾನ ಅವಗ ಹೇಳೇನಿ. ಹೊಳಿ ದಾಟೂ ಮುಂದ ನಾ ಮೊದಲನೇ ಖೇಪಿಗೆ ಕುಂದ್ರಾಕಿ. ಮುಸುರಿ ಇದ್ದರೂ ಕುಂದ್ರಾಕಿ. ಆಗೂದಿಲ್ಲಂದರ ನಿನ್ನ ಪಾವಣೇರಿಗೆ ನೀನ ಹೋಳಿಗಿ ಮಾಡ ಅಂದೇನಿ.”

“ಏನಂದ?”

“ಏನ ಅಂತಾನ. ಈ ಬೇಸಗಿ ಪೂರ್ತಿ ಕುಂತ ಬಂದೇನಿ, ಸೇಠಾಣಿಗೋಳ ಬಾಜೂಕ. ತೊಡಿ ಮ್ಯಾಲ ಮುಸುರಿ ಬೋಗುಣಿ ಇಟ್ಕೊಂಡ.”

ಮನೆಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಮಕ್ಕಳು ಮೊಮ್ಮಕ್ಕಳು ಇಲ್ಲಿಗೆ ಬಂದಾಗ ಬಿದ್ದು ಬಿದ್ದು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ದೊಡ್ಡವ್ವ ಇದ್ದಾಗ ಅವಳೂ ನಗುತ್ತಿದ್ದಳು. ನನಗೆ ನಗು ಬರುವುದಿಲ್ಲ. ದೋಣಿಯಲ್ಲಿ ಕೂಡುವ ಜಾಗವನ್ನು ಅವಳು ಬಾಯಿ ಬಿಟ್ಟು ಕೇಳಬೇಕಾಯಿತಲ್ಲ ಎಂದು, ಅದೂ ಒಮ್ಮೆ ಮುಳುಗಿ ಎದ್ದ ಮೇಲೆ ಕೇಳಬೇಕಾಯಿತಲ್ಲ ಎಂದು, ಇಷ್ಟು ವರ್ಷವಾದರೂ ನನ್ನ ಕೈ ಮುಷ್ಟಿಯಾಗುತ್ತದೆ.